ಆರು ಪಾಯಿಂಟ್ ಇದ್ದರೂ ಔಟ್: ಗ್ರೂಪ್ ಹಂತದ ಲೆಕ್ಕ ನೀವೇ ಹಾಕೋದು ಹೇಗೆ

ಗೆದ್ದ ತಂಡ ಮನೆಗೆ ಹೊರಟಿತು. ಸೋತ ತಂಡ ಮುಂದಿನ ಸುತ್ತಿಗೆ ಹೋಯಿತು.

2025ರ ಜೂನ್ 23ರಂದು ಅಮೆರಿಕದ ಪ್ಯಾಸಡೀನಾದಲ್ಲಿರುವ ರೋಸ್ ಬೌಲ್ ಮೈದಾನದಲ್ಲಿ ಆಗಿದ್ದು ಇದೇ. ಫುಟ್‌ಬಾಲ್‌ನ ಕ್ಲಬ್ ವಿಶ್ವಕಪ್, ಬಿ ಗುಂಪು, ಗುಂಪಿನ ಕೊನೆಯ ಸುತ್ತು. 87ನೇ ನಿಮಿಷದಲ್ಲಿ ಆಂಟ್ವಾನ್ ಗ್ರೀಜ್‌ಮನ್ ಗೋಲು ಹೊಡೆದರು, ಅಟ್ಲೆಟಿಕೊ ಮ್ಯಾಡ್ರಿಡ್ 1-0ರಿಂದ ಬೊಟಫೊಗೊವನ್ನು ಸೋಲಿಸಿತು. ಮೂರು ಪಂದ್ಯ, ಎರಡು ಗೆಲುವು, ಆರು ಪಾಯಿಂಟ್. ಆದರೂ ಔಟ್. ಬೊಟಫೊಗೊದ್ದೂ ಆರೇ ಪಾಯಿಂಟ್, ಅದೇ ಗುಂಪಿನ ಪಿಎಸ್‌ಜಿಯದ್ದೂ (ಪ್ಯಾರಿಸ್ ಸೇಂಟ್ ಜರ್ಮೇನ್) ಆರೇ ಪಾಯಿಂಟ್, ಅವೆರಡೂ ಒಳಗೆ.

ಜೊತೆಗೆ ಕೂತು ನೋಡುತ್ತಿದ್ದ ಗೆಳೆಯ "ಇದ್ಯಾವ ನ್ಯಾಯ?" ಅಂತ ಕೇಳಿದ. ನ್ಯಾಯದ ಮಾತು ಬೇರೆ. ಆದರೆ ಲೆಕ್ಕ ಮಾತ್ರ ಪಂದ್ಯ ಶುರುವಾಗುವ ಮೊದಲೇ ನನ್ನ ನೋಟ್‌ಬುಕ್‌ನಲ್ಲಿ ಬರೆದಿತ್ತು: ಇನ್ನೊಂದು ಮೈದಾನದಲ್ಲಿ ಪಿಎಸ್‌ಜಿ ಗೆದ್ದರೆ, ಅಟ್ಲೆಟಿಕೊಗೆ ಮೂರು ಗೋಲಿನ ಅಂತರದ ಗೆಲುವೇ ಬೇಕು. ಒಂದು ಸಾಲದು, ಎರಡೂ ಸಾಲದು. ಇದಕ್ಕೆ ಕಂಪ್ಯೂಟರ್ ಬೇಡ. ಒಂದು ಹಾಳೆ, ಒಂದು ಪೆನ್ನು, ಕೂಡಿಸೋಕೆ ಕಳೆಯೋಕೆ ಬಂದರೆ ಸಾಕು. ಗ್ರೂಪ್ ಹಂತ ನೋಡುವಾಗ ನಾನು ಏನೇನು ಮಾಡುತ್ತೇನೆ ಅಂತ ಇಲ್ಲಿ ಬರೆದಿದ್ದೇನೆ. ಉದಾಹರಣೆಗಳು ಹೆಚ್ಚಿನವು ಆ 2025ರ ಟೂರ್ನಿಯವೇ, ಯಾಕಂದ್ರೆ ಅಲ್ಲಿ ಬೇಕಾದಷ್ಟು ವಿಚಿತ್ರಗಳು ನಡೆದವು.

ಮೊದಲು ಚೌಕಟ್ಟು

ಇದನ್ನು ಬೇಗ ಮುಗಿಸೋಣ. 32 ಕ್ಲಬ್‌ಗಳು, ನಾಲ್ಕು ನಾಲ್ಕರಂತೆ ಎಂಟು ಗುಂಪು. ಗುಂಪಿನಲ್ಲಿ ಪ್ರತಿ ತಂಡವೂ ಉಳಿದ ಮೂರರ ಜೊತೆ ಒಂದೊಂದು ಸಲ ಆಡುತ್ತದೆ, ಅಂದರೆ ಒಂದು ಗುಂಪಿಗೆ ಒಟ್ಟು ಆರು ಪಂದ್ಯ. ಗೆದ್ದರೆ 3 ಪಾಯಿಂಟ್, ಡ್ರಾ ಆದರೆ 1, ಸೋತರೆ ಸೊನ್ನೆ. ಮೊದಲ ಎರಡು ತಂಡಗಳು 16ರ ಘಟ್ಟಕ್ಕೆ, ಉಳಿದೆರಡು ಹೊರಗೆ. ಈ ಟೂರ್ನಿಯಲ್ಲಿ ಗುಂಪಿನ ಒಂದು ಗೆಲುವಿಗೆ 20 ಲಕ್ಷ ಡಾಲರ್, ಡ್ರಾಗೆ 10 ಲಕ್ಷ ಡಾಲರ್ ಬಹುಮಾನ ಬೇರೆ ಇತ್ತು. ಹಾಗಾಗಿ ಆಗಲೇ ಹೊರಬಿದ್ದ ತಂಡ ಕೊನೆ ಪಂದ್ಯವನ್ನು ಸುಮ್ನೆ ಆಡಿ ಹೋಗುತ್ತದೆ ಅಂತ ಲೆಕ್ಕ ಹಾಕಬೇಡಿ.

ಯುರೋಪಿನ ಹಳೇ ಚಾಂಪಿಯನ್ಸ್ ಲೀಗ್‌ನಂತಹ ಟೂರ್ನಿಗಳಲ್ಲಿ ಪ್ರತಿ ತಂಡದ ಜೊತೆ ಎರಡು ಸಲ, ತವರಲ್ಲೊಮ್ಮೆ ಹೊರಗೊಮ್ಮೆ ಆಡಬೇಕಿತ್ತು. ಪಂದ್ಯಗಳು ಜಾಸ್ತಿ ಆಗುತ್ತವೆ, ಲೆಕ್ಕದ ದಾರಿ ಮಾತ್ರ ಅದೇ.

ನಿಯಮದ ಒಂದು ಪುಟ ಓದಿಕೊಳ್ಳಿ

ಎಲ್ಲರೂ ಎಡವುವುದು ಇಲ್ಲೇ. ಪಾಯಿಂಟ್ ಸಮ ಆದರೆ ಮುಂದೇನು? ಹೆಚ್ಚಿನವರು ತಟ್ಟನೆ "ಗೋಲು ವ್ಯತ್ಯಾಸ" ಅಂತಾರೆ, ಅಂದರೆ ಹೊಡೆದ ಗೋಲಿನಲ್ಲಿ ಬಿಟ್ಟುಕೊಟ್ಟ ಗೋಲು ಕಳೆದರೆ ಉಳಿಯೋದು. ಕೆಲವು ಟೂರ್ನಿಗಳಲ್ಲಿ ಅದು ಸರಿ, ಕೆಲವುಗಳಲ್ಲಿ ಅಲ್ಲ. 2025ರ ಕ್ಲಬ್ ವಿಶ್ವಕಪ್‌ನಲ್ಲಿ ಮೊದಲು ನೋಡಬೇಕಿದ್ದದ್ದು ಸಮ ಆದ ತಂಡಗಳು ತಮ್ಮತಮ್ಮಲ್ಲೇ ಆಡಿದ ಪಂದ್ಯಗಳನ್ನು. ಅದರಲ್ಲಿ ಪಾಯಿಂಟ್, ಆಮೇಲೆ ಆ ಪಂದ್ಯಗಳದ್ದೇ ಗೋಲು ವ್ಯತ್ಯಾಸ, ಆಮೇಲೆ ಆ ಪಂದ್ಯಗಳಲ್ಲಿ ಹೊಡೆದ ಗೋಲು. ಇಷ್ಟಕ್ಕೂ ಬಗೆಹರಿಯದಿದ್ದರೆ ಮಾತ್ರ ಗುಂಪಿನ ಎಲ್ಲಾ ಪಂದ್ಯಗಳ ಗೋಲು ವ್ಯತ್ಯಾಸ, ನಂತರ ಒಟ್ಟು ಗೋಲು, ನಂತರ ಹಳದಿ ಕೆಂಪು ಕಾರ್ಡ್‌ಗಳ ಲೆಕ್ಕ, ಕಟ್ಟಕಡೆಗೆ ಚೀಟಿ ಎತ್ತುವುದು.

ಈ ಕ್ರಮವನ್ನು ಹಾಳೆಯ ಮೇಲ್ಗಡೆ ಬರೆದುಕೊಳ್ಳಿ. ನಿಜವಾಗಿಯೂ ಬರೆಯಿರಿ, ನೆನಪಿನಲ್ಲಿರುತ್ತೆ ಅಂತ ಬಿಡಬೇಡಿ. ನಾನು ಬಳಸುತ್ತಿದ್ದ ಒಂದು ಸ್ಕೋರ್ ಆ್ಯಪ್ ಪಂದ್ಯ ನಡೆಯುವಾಗ ತಂಡಗಳನ್ನು ಬರೀ ಒಟ್ಟು ಗೋಲು ವ್ಯತ್ಯಾಸ ನೋಡಿ ಮೇಲೆ ಕೆಳಗೆ ಮಾಡುತ್ತಿತ್ತು. ಅದನ್ನೇ ನಂಬಿ ಒಂದು ಸಲ ಇಡೀ ದ್ವಿತೀಯಾರ್ಧ ತಪ್ಪು ತಂಡ ಮುಂದೆ ಹೋಗುತ್ತಿದೆ ಅಂದುಕೊಂಡು ಕೂತಿದ್ದೆ. ಅಂದಿನಿಂದ ಹಾಳೆ ಹಿಡಿದೇ ಕೂರುತ್ತೇನೆ.

ಇದೆಲ್ಲ ಬರೋದು ಪಾಯಿಂಟ್ ಸಮ ಆದಾಗ ಮಾತ್ರ, ಅದನ್ನೂ ಮರೆಯಬೇಡಿ. ಬೇಯರ್ನ್ ಮ್ಯೂನಿಕ್ ಮೊದಲ ಪಂದ್ಯದಲ್ಲಿ ಆಕ್ಲೆಂಡ್ ಸಿಟಿಯನ್ನು 10-0ರಿಂದ ಸೋಲಿಸಿತು. ಆ ಹತ್ತು ಗೋಲು ಟೇಬಲ್‌ನಲ್ಲಿ ಬೆಟ್ಟದಂತೆ ಕಾಣುತ್ತಿತ್ತು. ಆದರೆ ಕೊನೆ ಪಂದ್ಯದಲ್ಲಿ ಬೆನ್ಫಿಕಾ 1-0ರಿಂದ ಬೇಯರ್ನ್‌ನ್ನು ಸೋಲಿಸಿ 7 ಪಾಯಿಂಟ್‌ನೊಂದಿಗೆ ಗುಂಪು ಗೆದ್ದಿತು, ಬೇಯರ್ನ್ 6 ಪಾಯಿಂಟ್‌ಗೆ ಎರಡನೇ ಸ್ಥಾನಕ್ಕೆ ಇಳಿಯಿತು. ಆ ಹತ್ತರಲ್ಲಿ ಒಂದು ಗೋಲೂ ಉಪಯೋಗಕ್ಕೆ ಬರಲಿಲ್ಲ.

ಸಣ್ಣ ಟೇಬಲ್ ಬಿಡಿಸಿ

ಇದು ಇಡೀ ಬರಹದ ಜೀವ, ಸ್ವಲ್ಪ ನಿಧಾನವಾಗಿ ಓದಿ.

ಬಿ ಗುಂಪಿನಲ್ಲಿ ಪಿಎಸ್‌ಜಿ, ಅಟ್ಲೆಟಿಕೊ, ಬೊಟಫೊಗೊ ಮೂರೂ 6 ಪಾಯಿಂಟ್. ಸಿಯಾಟಲ್ ಸೌಂಡರ್ಸ್ ಮೂರೂ ಪಂದ್ಯ ಸೋತು ಸೊನ್ನೆ. ಈಗ ಸಿಯಾಟಲ್ ಹೆಸರಿನ ಮೇಲೆ ಒಂದು ಗೀಟು ಎಳೆಯಿರಿ. ಸಿಯಾಟಲ್ ಜೊತೆಗಿನ ಎಲ್ಲ ಪಂದ್ಯವೂ ಹಾಳೆಯಿಂದ ಹೊರಗೆ. ಅಟ್ಲೆಟಿಕೊ ಅವರ ಮೇಲೆ 3-1ರಿಂದ ಗೆದ್ದಿದ್ದೂ ಲೆಕ್ಕಕ್ಕಿಲ್ಲ, ಪಿಎಸ್‌ಜಿ 2-0ರಿಂದ ಗೆದ್ದಿದ್ದೂ ಲೆಕ್ಕಕ್ಕಿಲ್ಲ. ಉಳಿಯೋದು ಮೂರೇ ಪಂದ್ಯ, ಇದೇ ಸಣ್ಣ ಟೇಬಲ್:

ಪಿಎಸ್‌ಜಿ 4, ಅಟ್ಲೆಟಿಕೊ 0
ಬೊಟಫೊಗೊ 1, ಪಿಎಸ್‌ಜಿ 0
ಅಟ್ಲೆಟಿಕೊ 1, ಬೊಟಫೊಗೊ 0

ಒಬ್ಬರು ಇನ್ನೊಬ್ಬರನ್ನು ಸೋಲಿಸಿ ಸುತ್ತು ಹೊಡೆದಿದ್ದಾರೆ. ಮೂವರಿಗೂ ತಲಾ 3 ಪಾಯಿಂಟ್. ಹಾಗಾದರೆ ಮುಂದಿನ ಸಾಲು, ಈ ಮೂರು ಪಂದ್ಯಗಳ ಗೋಲು ವ್ಯತ್ಯಾಸ. ಪಿಎಸ್‌ಜಿ ನಾಲ್ಕು ಹೊಡೆದು ಒಂದು ಬಿಟ್ಟುಕೊಟ್ಟಿದೆ, +3. ಬೊಟಫೊಗೊ ಒಂದು ಹೊಡೆದು ಒಂದು ಕೊಟ್ಟಿದೆ, 0. ಅಟ್ಲೆಟಿಕೊ ಒಂದು ಹೊಡೆದು ನಾಲ್ಕು ಕೊಟ್ಟಿದೆ, -3. ಮುಗಿಯಿತು. ಅಟ್ಲೆಟಿಕೊ ಔಟ್ ಆಗಿದ್ದು ಆವತ್ತಲ್ಲ, ಎಂಟು ದಿನ ಮೊದಲು ಜೂನ್ 15ರಂದು ಅದೇ ರೋಸ್ ಬೌಲ್‌ನಲ್ಲಿ 4-0ರಿಂದ ಸೋತಾಗಲೇ ಅರ್ಧ ಔಟ್ ಆಗಿತ್ತು.

ಮೂರು ಗೋಲು ಬೇಕು ಅಂತ ಮೊದಲೇ ಹೇಗೆ ಗೊತ್ತಾಯಿತು? ಅಟ್ಲೆಟಿಕೊ ಕೈಯಲ್ಲಿ -4 ಇತ್ತು, ಬೊಟಫೊಗೊ ಕೈಯಲ್ಲಿ +1. ನಡುವೆ ಐದರ ಅಂತರ. ಅಟ್ಲೆಟಿಕೊ ಒಂದು ಗೋಲು ಹೊಡೆದರೆ ತಾನು ಒಂದು ಮೇಲೆ ಬರುತ್ತದೆ, ಎದುರಾಳಿ ಒಂದು ಕೆಳಗೆ ಇಳಿಯುತ್ತದೆ, ಅಂದರೆ ಒಂದು ಗೋಲಿಗೆ ಎರಡರಷ್ಟು ಅಂತರ ಕರಗುತ್ತದೆ. ಎರಡು ಗೋಲಿನಲ್ಲಿ ಗೆದ್ದರೆ ಅಟ್ಲೆಟಿಕೊ -2, ಬೊಟಫೊಗೊ -1. ಸಾಲದು. ಮೂರರಲ್ಲಿ ಗೆದ್ದರೆ -1 ಮತ್ತು -2. ಸಾಕು. ಎರಡು ತಂಡಗಳು ನೇರವಾಗಿ ಎದುರಾಗುವಾಗ ಗೋಲಿಗೆ ಡಬಲ್ ಬೆಲೆ. ಇದೊಂದು ಗೊತ್ತಿದ್ದರೆ ಅರ್ಧ ಲೆಕ್ಕ ಬಾಯಲ್ಲೇ ಆಗುತ್ತದೆ.

ಇದು ಹೊಸ ಕಥೆಯೂ ಅಲ್ಲ. 2013-14ರ ಚಾಂಪಿಯನ್ಸ್ ಲೀಗ್‌ನಲ್ಲಿ ಡಾರ್ಟ್‌ಮಂಡ್, ಆರ್ಸೆನಲ್, ನಾಪೋಲಿ ಮೂರೂ ಆರು ಪಂದ್ಯದಲ್ಲಿ 12 ಪಾಯಿಂಟ್ ತೆಗೆದಿದ್ದವು, ಮಾರ್ಸೆಯ್ ಸೊನ್ನೆ. ಸಣ್ಣ ಟೇಬಲ್‌ನಲ್ಲಿ ಮೂವರಿಗೂ ಆರಾರು ಪಾಯಿಂಟ್, ಗೋಲು ವ್ಯತ್ಯಾಸ ಡಾರ್ಟ್‌ಮಂಡ್‌ಗೆ +1, ಆರ್ಸೆನಲ್‌ಗೆ 0, ನಾಪೋಲಿಗೆ -1. ನಾಪೋಲಿ ಹೊರಗೆ. ಕೊನೆ ರಾತ್ರಿ ಅವರು ಆರ್ಸೆನಲ್ ಮೇಲೆ 2-0ರಿಂದ ಗೆದ್ದಿದ್ದರು, ಇನ್ನೊಂದೇ ಗೋಲು ಬಿದ್ದಿದ್ದರೆ ಸಾಕಿತ್ತು. ಹನ್ನೆರಡು ಪಾಯಿಂಟ್ ಇಟ್ಟುಕೊಂಡು ಹೊರಗೆ ಹೋಗೋದು ಅಂದ್ರೆ ಎಂಥ ನೋವು ಅಲ್ವಾ? ನನಗೆ ಇವತ್ತಿಗೂ ಆ ತಂಡದ ಬಗ್ಗೆ ಅಯ್ಯೋ ಅನಿಸುತ್ತದೆ.

ಎರಡೇ ತಂಡ ಸಮ ಆದರೆ ಕೆಲಸ ಸುಲಭ. ಎ ಗುಂಪಿನಲ್ಲಿ ಪಾಲ್ಮೇರಾಸ್, ಇಂಟರ್ ಮಯಾಮಿ ಎರಡೂ 5 ಪಾಯಿಂಟ್. ಅವರಿಬ್ಬರ ಪಂದ್ಯ 2-2 ಡ್ರಾ, ಹಾಗಾಗಿ ಅಲ್ಲಿ ಬಗೆಹರಿಯಲಿಲ್ಲ. ಒಟ್ಟು ಗೋಲು ವ್ಯತ್ಯಾಸಕ್ಕೆ ಬಂದಾಗ ಪಾಲ್ಮೇರಾಸ್ +2, ಮಯಾಮಿ +1.

ಎಷ್ಟು ಪಾಯಿಂಟ್ ಸಾಕು?

ನಾಲ್ಕು ತಂಡದ, ಮೂರು ಪಂದ್ಯದ ಗುಂಪಿನಲ್ಲಿ 7 ಪಾಯಿಂಟ್ ಸಿಕ್ಕಿದರೆ ಕಣ್ಣು ಮುಚ್ಚಿಕೊಂಡು ಒಳಗೆ. ಮೂರು ತಂಡಗಳಿಗೆ ಒಟ್ಟಿಗೆ ಏಳೇಳು ಬರೋದು ಸಾಧ್ಯವೇ ಇಲ್ಲ, ಬೇಕಾದರೆ ಹಾಳೆಯ ಮೇಲೆ ಪ್ರಯತ್ನಿಸಿ ನೋಡಿ. ಆರಕ್ಕೆ ಆ ಭರವಸೆ ಇಲ್ಲ, ಮೇಲೆ ನೋಡಿದಿರಲ್ಲ. ಐದಕ್ಕೂ ಇಲ್ಲ: ಮೂರು ತಂಡ ತಮ್ಮತಮ್ಮಲ್ಲಿ ಡ್ರಾ ಮಾಡಿಕೊಂಡು ನಾಲ್ಕನೆಯದನ್ನು ಸೋಲಿಸಿದರೆ 5, 5, 5, 0. ಇನ್ನೊಂದು ಕೊನೆಯಲ್ಲಿ, ಒಂದು ತಂಡ ಮೂರೂ ಗೆದ್ದು ಉಳಿದ ಮೂರು ಎಲ್ಲ ಡ್ರಾ ಮಾಡಿಕೊಂಡರೆ 9, 2, 2, 2. ಎರಡೇ ಪಾಯಿಂಟ್ ಇಟ್ಟುಕೊಂಡು ಯಾರೋ ಒಬ್ಬರು ಮುಂದೆ ಹೋಗಲೇಬೇಕು!

ಕಾಗದದ ಮಾತು ಬಿಟ್ಟು ನಿಜಕ್ಕೆ ಬಂದರೆ, 2025ರಲ್ಲಿ ಐದಕ್ಕಿಂತ ಕಡಿಮೆ ಇದ್ದ ಯಾವ ತಂಡವೂ ಮುಂದೆ ಹೋಗಲಿಲ್ಲ. ಇ, ಎಫ್, ಎಚ್ ಮೂರೂ ಗುಂಪು 7, 5, 4, 0 ಅಂತ ಒಂದೇ ಅಚ್ಚಿನಲ್ಲಿ ಮುಗಿದವು. ನಾಲ್ಕು ಪಾಯಿಂಟ್‌ನಲ್ಲಿ ರಿವರ್ ಪ್ಲೇಟ್, ಮಮೆಲೋಡಿ ಸನ್‌ಡೌನ್ಸ್, ಸಾಲ್ಜ್‌ಬರ್ಗ್ ಮೂರೂ ಹೊರಬಿದ್ದವು. ಹಾಗಾಗಿ ನಾನು ಇಟ್ಟುಕೊಂಡಿರುವ ಅಂದಾಜು ಇದು: ನಾಲ್ಕಕ್ಕೆ ಆಸೆ ಇಟ್ಟುಕೊಳ್ಳಬಹುದು, ಐದಕ್ಕೆ ನಂಬಿಕೆ ಇಡಬಹುದು, ಏಳಕ್ಕೆ ನಿದ್ದೆ ಮಾಡಬಹುದು. ಮೊದಲ ಪಂದ್ಯ ಸೋತ ತಂಡವನ್ನು ಅಲ್ಲಿಗೇ ಕೈಬಿಡಬೇಡಿ, ಉಳಿದೆರಡು ಗೆದ್ದರೆ ಆರು ಆಗುತ್ತದೆ.

ಕೊನೆ ಸುತ್ತಿನ ಹಿಂದಿನ ದಿನ

ನನ್ನ ಪ್ರಕಾರ ಗ್ರೂಪ್ ಹಂತದ ನಿಜವಾದ ಸುಖ ಇರೋದು ಇಲ್ಲಿ. ಪ್ರತಿ ತಂಡಕ್ಕೂ ಎರಡು ಪಂದ್ಯ ಮುಗಿದಿವೆ, ಒಂದು ಬಾಕಿ. ಕೂತು ಎಲ್ಲಾ ಸಾಧ್ಯತೆಗಳನ್ನು ಬರೆಯಿರಿ. ಇಡೀ ಗುಂಪಿನಲ್ಲಿ ಬಾಕಿ ಇರೋದು ಎರಡು ಪಂದ್ಯ, ಒಂದೊಂದಕ್ಕೂ ಮೂರು ಫಲಿತಾಂಶ, ಒಟ್ಟು ಒಂಬತ್ತೇ ಖಾನೆ. ಅದರಲ್ಲಿ ಆರೇಳು ಖಾನೆಗಳ ಉತ್ತರ ನೋಡಿದ ತಕ್ಷಣ ಗೊತ್ತಾಗುತ್ತದೆ. ತಲೆ ಓಡಿಸಬೇಕಾದದ್ದು ಉಳಿದ ಒಂದೆರಡಕ್ಕೆ ಮಾತ್ರ.

ಎಚ್ ಗುಂಪನ್ನು ತೆಗೆದುಕೊಳ್ಳಿ. ಎರಡು ಸುತ್ತಿನ ನಂತರ ರಿಯಲ್ ಮ್ಯಾಡ್ರಿಡ್ 4, ಸಾಲ್ಜ್‌ಬರ್ಗ್ 4, ಅಲ್ ಹಿಲಾಲ್ 2, ಪಚುಕಾ 0. ಬಾಕಿ ಇದ್ದದ್ದು ರಿಯಲ್ ಮತ್ತು ಸಾಲ್ಜ್‌ಬರ್ಗ್ ಪಂದ್ಯ, ಅಲ್ ಹಿಲಾಲ್ ಮತ್ತು ಪಚುಕಾ ಪಂದ್ಯ. ಅಲ್ ಹಿಲಾಲ್ ಗೆಲ್ಲದಿದ್ದರೆ ಕಥೆ ಮುಗಿಯಿತು. ಗೆದ್ದರೆ 5. ಆ ಕಡೆ ರಿಯಲ್ ಆಗಲಿ ಸಾಲ್ಜ್‌ಬರ್ಗ್ ಆಗಲಿ ಯಾರಾದರೂ ಗೆದ್ದರೆ ಸೋತವರು ನಾಲ್ಕರಲ್ಲೇ ನಿಲ್ಲುತ್ತಾರೆ, ಅಲ್ ಹಿಲಾಲ್ ಒಳಗೆ. ಅಲ್ಲಿ ಡ್ರಾ ಆದರೆ? ಮೂವರೂ 5. ಈಗ ಪಚುಕಾ ಮೇಲೆ ಗೀಟು ಎಳೆದು ಸಣ್ಣ ಟೇಬಲ್ ಬಿಡಿಸಿ.

ರಿಯಲ್ ಮತ್ತು ಅಲ್ ಹಿಲಾಲ್ ಪಂದ್ಯ 1-1. ಅಲ್ ಹಿಲಾಲ್ ಮತ್ತು ಸಾಲ್ಜ್‌ಬರ್ಗ್ ಪಂದ್ಯ 0-0. ಮೂರನೆಯದೂ ಡ್ರಾ ಆದರೆ ಪಾಯಿಂಟ್ ಸಮ, ಗೋಲು ವ್ಯತ್ಯಾಸವೂ ಎಲ್ಲರಿಗೂ ಸೊನ್ನೆ. ಉಳಿಯೋದು ಹೊಡೆದ ಗೋಲಿನ ಸಂಖ್ಯೆ. ಇಲ್ಲಿ ಮಜಾ ನೋಡಿ. ರಿಯಲ್, ಸಾಲ್ಜ್‌ಬರ್ಗ್ 0-0 ಆಡಿದರೆ ಸಣ್ಣ ಟೇಬಲ್‌ನಲ್ಲಿ ರಿಯಲ್‌ಗೆ 1 ಗೋಲು, ಅಲ್ ಹಿಲಾಲ್‌ಗೆ 1, ಸಾಲ್ಜ್‌ಬರ್ಗ್‌ಗೆ 0, ಅಂದರೆ ಸಾಲ್ಜ್‌ಬರ್ಗ್ ಔಟ್. ಅದೇ ಪಂದ್ಯ 2-2 ಆದರೆ ರಿಯಲ್‌ಗೆ 3, ಸಾಲ್ಜ್‌ಬರ್ಗ್‌ಗೆ 2, ಅಲ್ ಹಿಲಾಲ್‌ಗೆ 1, ಈಗ ಅಲ್ ಹಿಲಾಲ್ ಔಟ್. ಎರಡೂ ಡ್ರಾನೇ. ಆದರೆ ಔಟ್ ಆಗೋ ತಂಡ ಬೇರೆ.

ಇನ್ನು 1-1 ಆದರೆ? ರಿಯಲ್ 2, ಉಳಿದಿಬ್ಬರೂ ಒಂದೊಂದು. ಅವರಿಬ್ಬರ ನಡುವಿನ ಪಂದ್ಯ 0-0, ಅದೂ ಉಪಯೋಗಕ್ಕಿಲ್ಲ. ಆಗ ಒಟ್ಟು ಗೋಲು ವ್ಯತ್ಯಾಸಕ್ಕೆ ಇಳಿಯಬೇಕು. ಸಾಲ್ಜ್‌ಬರ್ಗ್ ಪಚುಕಾ ಮೇಲೆ 2-1ರಿಂದ ಗೆದ್ದಿತ್ತು, ಹಾಗಾಗಿ ಅದು +1, ಒಟ್ಟು 3 ಗೋಲು. ಅಲ್ ಹಿಲಾಲ್ ಪಚುಕಾ ಮೇಲೆ 1-0ರಿಂದ ಗೆದ್ದರೆ ಅದೂ +1, ಆದರೆ ಗೋಲು ಎರಡೇ, ಹಾಗಾಗಿ ಔಟ್. 2-0ರಿಂದ ಗೆದ್ದರೆ +2, ಒಳಗೆ.

ಕೊನೆಗೆ ಜೂನ್ 26ರಂದು ರಿಯಲ್ 3-0ರಿಂದ ಗೆದ್ದು ಈ ತಲೆಬಿಸಿಯನ್ನೆಲ್ಲ ತಪ್ಪಿಸಿತು. ಅಲ್ ಹಿಲಾಲ್ 2-0ರಿಂದ ಗೆದ್ದಿತು, ಅದರ ಎರಡನೇ ಗೋಲು ಬಂದದ್ದು ಇಂಜುರಿ ಟೈಮ್‌ನಲ್ಲಿ. ಆದರೆ ಈ ಲೆಕ್ಕ ಕೈಯಲ್ಲಿದ್ದವರಿಗೆ ಮಾತ್ರ 1-0 ಇದ್ದಷ್ಟು ಹೊತ್ತೂ ಆ ಮುನ್ನಡೆ ಯಾಕೆ ಪೂರ್ತಿ ಭದ್ರ ಅಲ್ಲ, ಇನ್ನೊಂದು ಮೈದಾನದ ಕಡೆ ಯಾಕೆ ಕಿವಿ ಇಟ್ಟಿರಬೇಕು ಅಂತ ಗೊತ್ತಿತ್ತು. ನಾಲ್ಕು ದಿನದ ನಂತರ ಅದೇ ಅಲ್ ಹಿಲಾಲ್ ಮ್ಯಾಂಚೆಸ್ಟರ್ ಸಿಟಿಯನ್ನು 4-3ರಿಂದ ಮನೆಗೆ ಕಳಿಸಿತು. ಗುಂಪಿನ ಮೂರೂ ಪಂದ್ಯ ಗೆದ್ದು 9 ಪಾಯಿಂಟ್ ತೆಗೆದಿದ್ದ ಒಂದೇ ತಂಡ ಸಿಟಿ!

ಒಂದೇ ಗುಂಪಿನ ಕೊನೆ ಎರಡು ಪಂದ್ಯ ಒಂದೇ ಹೊತ್ತಿಗೆ ಶುರುವಾಗುತ್ತವೆ. ಇದರ ಹಿಂದೆ ಒಂದು ಹಳೇ ಕಹಿ ಇದೆ. 1982ರ ವಿಶ್ವಕಪ್‌ನಲ್ಲಿ ಸ್ಪೇನ್‌ನ ಖಿಖೋನ್‌ನಲ್ಲಿ ಪಶ್ಚಿಮ ಜರ್ಮನಿ ಆಸ್ಟ್ರಿಯಾ ಮೇಲೆ 1-0 ಮುನ್ನಡೆ ಪಡೆದ ಮೇಲೆ ಎರಡೂ ತಂಡಗಳು ಸುಮ್ನೆ ಚೆಂಡು ಆಚೀಚೆ ತಳ್ಳಿಕೊಂಡು ಹೊತ್ತು ಕಳೆದವು, ಯಾಕಂದ್ರೆ ಆ ಸ್ಕೋರಿಗೆ ಇಬ್ಬರೂ ಮುಂದೆ ಹೋಗುತ್ತಿದ್ದರು. ಹಿಂದಿನ ದಿನವೇ ತನ್ನ ಪಂದ್ಯ ಮುಗಿಸಿದ್ದ ಅಲ್ಜೀರಿಯಾ ಹೊರಬಿತ್ತು. ಹಾಗಾಗಿ ಕೊನೆ ದಿನ ಎರಡು ಸ್ಕ್ರೀನ್ ಇಟ್ಟುಕೊಳ್ಳಿ, ಇಲ್ಲದಿದ್ದರೆ ಒಂದರಲ್ಲಿ ಪಂದ್ಯ, ಫೋನಿನಲ್ಲಿ ಇನ್ನೊಂದರ ಸ್ಕೋರ್. ಒಂದೊಂದು ಗೋಲು ಬಿದ್ದಾಗಲೂ ನಿಮ್ಮ ಒಂಬತ್ತು ಖಾನೆಗಳಲ್ಲಿ ಈಗ ಯಾವುದರಲ್ಲಿದ್ದೇವೆ ಅಂತ ಬೆರಳಿಟ್ಟು ನೋಡಿ.

ಮೊದಲನೆಯವರಾ, ಎರಡನೆಯವರಾ?

ಒಳಗೆ ಹೋದರೆ ಸಾಲದು, ಎಷ್ಟನೆಯವರಾಗಿ ಹೋಗುತ್ತಾರೆ ಅನ್ನೋದೂ ಮುಖ್ಯ. ಹಾಳೆಯ ಪಕ್ಕದಲ್ಲಿ ಮುಂದಿನ ಸುತ್ತಿನ ಜೋಡಿ ಬರೆದಿಟ್ಟುಕೊಳ್ಳಿ. ಎ ಗುಂಪಿನ ಮೊದಲನೆಯವರಿಗೆ ಬಿ ಗುಂಪಿನ ಎರಡನೆಯವರು, ಬಿ ಗುಂಪಿನ ಮೊದಲನೆಯವರಿಗೆ ಎ ಗುಂಪಿನ ಎರಡನೆಯವರು, ಹೀಗೆ. ಜೂನ್ 23ರಂದು ಬಿ ಗುಂಪು ಮೊದಲೇ ಮುಗಿದಿತ್ತು. ಹಾಗಾಗಿ ಪಾಲ್ಮೇರಾಸ್, ಮಯಾಮಿ ಮೈದಾನಕ್ಕೆ ಇಳಿಯುವಾಗ ಇಬ್ಬರಿಗೂ ಗೊತ್ತಿತ್ತು: ಗುಂಪು ಗೆದ್ದವರಿಗೆ ಬೊಟಫೊಗೊ, ಎರಡನೆಯವರಿಗೆ ಪಿಎಸ್‌ಜಿ. ಡ್ರಾ ಆದರೂ ಇಬ್ಬರೂ ಒಳಗೆ. ಮಯಾಮಿ 2-0 ಮುಂದಿತ್ತು. 80ನೇ ನಿಮಿಷಕ್ಕೆ ಒಂದು, 87ಕ್ಕೆ ಇನ್ನೊಂದು, 2-2. ಆ ಏಳು ನಿಮಿಷದಲ್ಲಿ ಮಯಾಮಿ ಕಳೆದುಕೊಂಡಿದ್ದು ಅರ್ಹತೆಯನ್ನಲ್ಲ, ಎದುರಾಳಿಯನ್ನು. ಮುಂದೆ ಪಿಎಸ್‌ಜಿ ಅವರಿಗೆ ನಾಲ್ಕು ಗೋಲು ಹೊಡೆಯಿತು.

ಆದರೆ ಎರಡನೇ ಸ್ಥಾನ ಯಾವಾಗಲೂ ನಷ್ಟ ಅಂತ ಅಲ್ಲ. ಡಿ ಗುಂಪಿನಲ್ಲಿ ಫ್ಲಮೆಂಗೊ 3-1ರಿಂದ ಚೆಲ್ಸಿಯನ್ನು ಸೋಲಿಸಿ ಮೊದಲನೆಯದಾಯಿತು. ಬಹುಮಾನವಾಗಿ ಸಿಕ್ಕಿದ್ದು ಬೆನ್ಫಿಕಾಗೆ ಸೋತು ಎರಡನೇ ಸ್ಥಾನಕ್ಕೆ ಇಳಿದಿದ್ದ ಬೇಯರ್ನ್, ಅವರಿಗೆ 4-2ರಿಂದ ಸೋತು ಫ್ಲಮೆಂಗೊ ಹೊರಬಿತ್ತು. ಎರಡನೆಯದಾದ ಚೆಲ್ಸಿ ಬೆನ್ಫಿಕಾವನ್ನು ದಾಟಿ, ಜುಲೈ 13ರಂದು ಫೈನಲ್‌ನಲ್ಲಿ ಪಿಎಸ್‌ಜಿಯನ್ನು 3-0ರಿಂದ ಸೋಲಿಸಿ ಕಪ್ ಎತ್ತಿತು. ಅದಕ್ಕೇ ಪಕ್ಕದ ಗುಂಪಿನ ಟೇಬಲ್‌ನ್ನೂ ಇದೇ ಹಾಳೆಯಲ್ಲಿ ಬರೆಯಿರಿ ಅನ್ನೋದು.

ಚಿಕ್ಕಪುಟ್ಟ ಎರಡು ಮಾತು

ಕಾರ್ಡ್‌ಗಳ ಲೆಕ್ಕ ಬರೋದು ಬಹಳ ಅಪರೂಪ, ಆದರೆ ಬರುತ್ತದೆ. 2018ರ ವಿಶ್ವಕಪ್‌ನಲ್ಲಿ ಜಪಾನ್, ಸೆನೆಗಲ್ ಪಾಯಿಂಟ್, ಗೋಲು ಎಲ್ಲದರಲ್ಲೂ ಸಮ ಆಗಿ, ಜಪಾನ್‌ಗೆ ನಾಲ್ಕು ಹಳದಿ ಕಾರ್ಡ್, ಸೆನೆಗಲ್‌ಗೆ ಆರು ಅನ್ನೋ ಕಾರಣಕ್ಕೆ ಸೆನೆಗಲ್ ಹೊರಹೋಯಿತು. ಹಳದಿಗೆ ಒಂದು, ಎರಡು ಹಳದಿಯಿಂದ ಬಂದ ಕೆಂಪಿಗೆ ಮೂರು, ನೇರ ಕೆಂಪಿಗೆ ನಾಲ್ಕು ಅಂತ ಕಳೆಯುತ್ತಾರೆ. ಹಾಳೆಯ ಮೂಲೆಯಲ್ಲಿ ಕಡ್ಡಿ ಎಳೆದು ಎಣಿಸಿಕೊಂಡರೆ ಸಾಕು.

ಇನ್ನೊಂದು, ಟೂರ್ನಿ ಮಧ್ಯೆ ತಂಡವೊಂದು ಹಿಂದೆ ಸರಿದರೆ ಅದರ ಪಂದ್ಯಗಳನ್ನು ಟೇಬಲ್‌ನಿಂದಲೇ ಅಳಿಸಬಹುದು. 2024ರಲ್ಲಿ ಏಷ್ಯಾದ ಚಾಂಪಿಯನ್ಸ್ ಲೀಗ್ ಟೂನಲ್ಲಿ ಮೋಹನ್ ಬಾಗಾನ್ ಇರಾನ್‌ಗೆ ಆಡಲು ಹೋಗದೆ ಹೊರಬಿದ್ದಾಗ, ಅವರು ಮೊದಲು ಆಡಿದ್ದ ಡ್ರಾ ಪಂದ್ಯವೂ ಲೆಕ್ಕದಿಂದ ಹೋಯಿತು. ಹಾಗಾದಾಗ ಹಳೇ ಹಾಳೆ ತಿದ್ದಲು ಹೋಗಬೇಡಿ, ಹೊಸದು ತೆಗೆದುಕೊಳ್ಳಿ.

ಈ ಸಣ್ಣ ಟೇಬಲ್ ಕೆಲಸ ಮಾಡದ ಜಾಗವೂ ಇದೆ. ಯುರೋಪಿನ ಚಾಂಪಿಯನ್ಸ್ ಲೀಗ್ 2024-25ರಿಂದ ಗುಂಪುಗಳನ್ನೇ ಕೈಬಿಟ್ಟಿದೆ. 36 ತಂಡಕ್ಕೂ ಒಂದೇ ಟೇಬಲ್, ಒಬ್ಬೊಬ್ಬರಿಗೆ ಎಂಟು ಪಂದ್ಯ, ಎಲ್ಲರೂ ಎಲ್ಲರ ಜೊತೆ ಆಡೋದಿಲ್ಲ. ಮೊದಲ ಎಂಟು ನೇರ 16ರ ಘಟ್ಟಕ್ಕೆ, 9ರಿಂದ 24ರವರೆಗಿನವರು ಪ್ಲೇಆಫ್‌ಗೆ. ಪಾಯಿಂಟ್ ಸಮ ಆದರೆ ಅಲ್ಲಿ ಮೊದಲು ನೋಡೋದು ಒಟ್ಟು ಗೋಲು ವ್ಯತ್ಯಾಸವನ್ನೇ. ಬೇಯರ್ನ್ ಆ ಹತ್ತು ಗೋಲನ್ನು ಅಲ್ಲಿ ಹೊಡೆದಿದ್ದರೆ ಕೊನೆ ದಿನದವರೆಗೂ ಅವು ಖಾತೆಯಲ್ಲಿ ಇರುತ್ತಿದ್ದವು.